ಮೂವತ್ತೊಂದನೇ ಬಿಲ್ಲೆ

"ಏಳನೇ ಕ್ಲಾಸು ದಾಟದವನನ್ನು ಬಿಲ್ಲೆ ಕಾಯಲು ನಿಲ್ಲಿಸಿದ್ದೇ ನನ್ನ ತಪ್ಪು," ಎಂದ ಸೂಪರ್‌ವೈಸರ್ ಆಗಸ್ಟಿನ್. "ನಿನ್ನ ತಲೆಯೊಳಗೂ ಇದೇ ಐಸು ತುಂಬಿಸಿಟ್ಟದ್ದಾ ಕ್ಯಾಮಿಲಸ್?"

ಹಿಮದ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಎಂಟು ಮಂದಿ, ಎಲ್ಲರೂ ಊರ ಕಡೆಯವರೇ, ಹಲ್ಲು ಕಿಸಿದರು. ಎರಡು ಸಾವಿರದ ಎಂಟರ ಏಪ್ರಿಲ್. ದುಬೈಯ ಆ ಮಾಲಿನೊಳಗೆ ಸ್ಕೀ ಆಡಲು ಬರುವವರ ಸೀಸನ್ ಮುಗಿದಿತ್ತು. ಬಾಗಿಲು ಮುಚ್ಚಿ, ಹಳೆ ಹಿಮ ಕೆರೆದು, ಯಂತ್ರದಿಂದ ಹೊಸದು ಸುರಿಸುವ ದಿನ ಅದು. ಒಳಹೋಗುವವನು ತನ್ನ ನಂಬರಿನ ಬಿಲ್ಲೆಯನ್ನು ಬಾಗಿಲ ಹಲಗೆಗೆ ತೂಗುಹಾಕಬೇಕು, ಹೊರಬಂದಾಗ ತೆಗೆಯಬೇಕು. ಹಲಗೆ ಖಾಲಿಯಾಗದೆ ಯಂತ್ರ ಚಾಲೂ ಮಾಡುವಂತಿಲ್ಲ. ಈಗ ಮೂವತ್ತೊಂದು ಒಂದೇ ನೇತಾಡುತ್ತಿತ್ತು.

"ಹಸನ್‌ಕಾಕನದ್ದು," ಎಂದ ಕ್ಯಾಮಿಲಸ್. "ನಾನು ಚಾಕ್ಕೆ ಹೋದಾಗ ಒಳಗೆ ಹೋಗಿರ್ಬೇಕು."

"ಹಸನ್ ಊರಿಗೆ ಕಳಿಸುವವರ ಲಿಸ್ಟಿನಲ್ಲಿದ್ದವ. ಸೀಸನ್ ಖಲಾಸ್, ಅವನೂ ಖಲಾಸ್. ಇಷ್ಟೊತ್ತಿಗೆ ಆಫೀಸಲ್ಲಿ ವೀಸಾ ಕ್ಯಾನ್ಸಲಿಗೆ ಸಹಿ ಹಾಕ್ತಾ ಇರ್ತಾನೆ. ಇದು ನೀನು ನಿನ್ನೆ ತೆಗೀಲಿಕ್ಕೆ ಮರೆತದ್ದು."

"ನಿನ್ನೆ ಸಂಜೆ ಹಲಗೆ ಖಾಲಿ ಇತ್ತು."

"ಲಿಸ್ಟಿಗೆ ಇನ್ನೂ ಎರಡು ಹೆಸರು ಬೇಕಂತೆ. ಗೊತ್ತುಂಟಲ್ಲ?" ಆಗಸ್ಟಿನ್ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. "ಯಲ್ಲಾ, ಯಂತ್ರ ಚಾಲೂ ಮಾಡಿ."

ಒಳಗೆ ಯಂತ್ರಗಳು ಗುರುಗುಟ್ಟಿದವು. ಹೆಸರು ಬರೆಸಿಕೊಂಡು ಊರಿಗೆ ಹೋಗುವುದು ಒಂದು ಭಯ. ಗಾಜಿನಾಚೆ ಬೆಳ್ಳಗೆ ಮುಚ್ಚಿಕೊಳ್ಳುತ್ತಿದ್ದ ಇಳಿಜಾರಿನಲ್ಲಿ ಒಬ್ಬ ಮನುಷ್ಯ ಇರಬಹುದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಅಳೆಯಲು ಕ್ಯಾಮಿಲಸ್ ನಿಲ್ಲಲಿಲ್ಲ. ಪಕ್ಕದ ಬಾಗಿಲು ದೂಡಿ ಜಾಕೆಟ್ಟೂ ಇಲ್ಲದೆ ಒಳನುಗ್ಗಿದ.

ಚಾಚಿದ ಕೈ ಕಾಣಲಿಲ್ಲ. ಹಿಮದ ಪುಡಿ ಕಣ್ಣಿಗೆ, ಮೂಗಿಗೆ, ಕೂಗಲು ತೆರೆದ ಬಾಯಿಗೆ ನುಗ್ಗಿತು. "ಹಸನ್‌ಕಾಕಾ" ಎಂದು ಅರಚಿದ್ದು ಅವನಿಗೇ ಕೇಳಿಸಲಿಲ್ಲ. ಬಂದ ದಿಕ್ಕು ತಪ್ಪಿತು. ಇನ್ನು ತನ್ನನ್ನೂ ಯಾರೂ ಹುಡುಕುವುದಿಲ್ಲ, ತನ್ನ ಬಿಲ್ಲೆಯನ್ನು ಹಲಗೆಗೆ ಹಾಕಿಯೇ ಇಲ್ಲ ಎಂದು ಹೊಳೆಯಿತು. ಅಂಬೆಗಾಲಿಕ್ಕಿ ಮೇಲಕ್ಕೆ ಹತ್ತಿದ. ಸ್ಕೀ ಆಡುವವರನ್ನು ಮೇಲಕ್ಕೊಯ್ಯುವ ಲಿಫ್ಟಿನ ಕಂಬದ ಹಿಂದೆ ಕೈಗೆ ಒಂದು ಬೂಟು ಸಿಕ್ಕಿತು, ಬೂಟಿನೊಳಗೆ ಕಾಲೂ ಇತ್ತು.

ಹಸನ್‌ಕಾಕ ಕಂಬಕ್ಕೆ ಒರಗಿ ಕೂತಿದ್ದರು. ಹುಬ್ಬು, ಗಡ್ಡ ಎಲ್ಲ ಬಿಳಿ.

"ಇಲ್ಲಿಗೆ ಆಫೀಸಿನವರು ಮೈಕಿನಲ್ಲಿ ಕರೆದದ್ದು ಕೇಳುದಿಲ್ಲ ಮಗಾ," ಎಂದರು ಬಗ್ಗಿದ ಅವನ ಕಿವಿಗೆ, ಮರಗಟ್ಟಿದ ತುಟಿ ಅಲ್ಲಾಡಿಸದೆ. "ಸಹಿ ಹಾಕುವವನೇ ಸಿಗದಿದ್ರೆ ಅವರು ಕ್ಯಾನ್ಸಲ್ ಮಾಡುದು ಹೇಗೆ, ಹೇಳು?"

ಇಳಿಜಾರಿನುದ್ದಕ್ಕೂ ಅವರನ್ನು ಎಳೆದು, ಗೋಡೆ ತಡವಿ ತಡವಿ ಬಾಗಿಲು ಹುಡುಕಿ ಕ್ಯಾಮಿಲಸ್ ಹೊರಗೆ ಬಿದ್ದ. ಯಾರೋ ಓಡಿಹೋಗಿ ಯಂತ್ರ ನಿಲ್ಲಿಸಿದರು. ಆಗಸ್ಟಿನ್ ಅವನ ತೋಳು ಹಿಡಿದು ಗೋಡೆಯ ಬದಿಗೆ ಕರೆದೊಯ್ದ. ಎಲ್ಲರೆದುರು ಕನ್ನಡದಲ್ಲಿ ಬೈದಿದ್ದವನು ಈಗ ಮನೆಮಾತಾದ ಕೊಂಕಣಿಗೆ ಇಳಿದಿದ್ದ.

"ಮ್ಯಾನೇಜರ್ ಕೇಳಿದ್ರೆ ಹಲಗೆ ಖಾಲಿ ಇತ್ತು ಅಂತ ಹೇಳು ಬಾಬಾ. ನಿನ್ನ ಹೆಸರು ಲಿಸ್ಟಿಗೆ ಬಾರದ ಹಾಗೆ ನಾನು ನೋಡ್ಕೊಳ್ತೇನೆ. ಆಯ್ತಲ್ಲ?"

ಕ್ಯಾಮಿಲಸ್ ಬಗ್ಗಿ ಹಸನ್‌ಕಾಕನನ್ನು ಬೆನ್ನಿಗೆ ಏರಿಸಿಕೊಂಡ.

"ಆಯ್ತಲ್ಲಾ?" ಆಗಸ್ಟಿನ್ ಹಿಂದಿನಿಂದ ಮತ್ತೆ ಕೇಳಿದ.

ಕ್ಯಾಮಿಲಸ್ ಆಗಲೇ ನಡೆಯತೊಡಗಿದ್ದ. ನರ್ಸಿನ ಕೋಣೆ ಇದ್ದದ್ದು ಆಫೀಸಿನ ಆಚೆ ಬದಿಗೆ, ಬೇರೆ ದಾರಿ ಇರಲಿಲ್ಲ. ಆಫೀಸಿನ ತಿರುವು ಕಂಡದ್ದೇ ತಡ, ಅಲ್ಲಿಯವರೆಗೆ ಜೋತುಬಿದ್ದಿದ್ದ ಹಸನ್‌ಕಾಕನ ಮರಗಟ್ಟಿದ ಬೆರಳುಗಳು ಅವನ ಕೊರಳನ್ನು ಬಿಗಿಯಾಗಿ ಹಿಡಿದುಕೊಂಡವು.