ಒಂದು ಮತದ ಅಂತರ

ಮರುಎಣಿಕೆ ಕೋರಿ ಉಲ್ರಿಕ್ ಬರೆಯುತ್ತಿದ್ದ ಅರ್ಜಿ ಮಧ್ಯಾಹ್ನ ಎರಡರೊಳಗೆ ಚುನಾವಣಾ ಕಚೇರಿ ಮುಟ್ಟಬೇಕಿತ್ತು. ಕೆರಿಬಿಯನ್ ಸಮುದ್ರದಲ್ಲಿ ಹಾಲೆಂಡಿಗೆ ಸೇರಿದ ಪುಟ್ಟ ಸಾಬಾ ದ್ವೀಪದ ಆಡಳಿತ ಇಪ್ಪತ್ತು ವರ್ಷ ಅವನ ಕೈಯಲ್ಲಿತ್ತು. ನಿನ್ನೆ ದ್ವೀಪ ಮಂಡಳಿಯ ಐದು ಸ್ಥಾನಗಳಲ್ಲಿ ಮೂರು ಅವನ ಯುವ ಎದುರಾಳಿ ಷಾರ್ಲೀನ್‌ಳ ಪಕ್ಷದ ಪಾಲಾದವು. ಅವಳಿಗೆ ಮುನ್ನೂರ ನಲವತ್ತನಾಲ್ಕು ಮತ, ಅವನಿಗೆ ಮುನ್ನೂರ ನಲವತ್ತಮೂರು.

“ಒಂದೇ ಒಂದು. ನಮ್ಮೂರ ಮತಗಟ್ಟೇಲೇ ತಪ್ಪಿರೋದು,” ಎಂದ ಉಲ್ರಿಕ್. “ಯಾವ ಮನೇಲಿ ಯಾರು ನಮ್ಮವರು ಅಂತ ನಂಗೆ ಬಾಯಿಪಾಠ. ನೂರ ಹನ್ನೆರಡು ಬರಬೇಕಿತ್ತು, ನೂರ ಹನ್ನೊಂದು ಬಂದಿದೆ. ಎಣಿಸೋಕೆ ಬರದೇ ಇರೋರನ್ನ ಕೂರಿಸಿದ್ದಾರೆ.”

ಕಿಟಕಿಯ ಬೆಳಕಿಗೆ ಕೂತು ಲಿನನ್ ಬಟ್ಟೆಯ ಎಳೆ ಬಿಡಿಸಿ ಕಸೂತಿ ಹಾಕುತ್ತಿದ್ದ ಹೆಂಡತಿ ವೆರ್ನಾ ತಲೆ ಎತ್ತಲಿಲ್ಲ.

“ಸರಿಯಾಗೇ ಎಣಿಸಿದ್ದಾರೆ ಕಣ್ರೀ. ಆ ಒಂದು ನಂದು.”

ಪೆನ್ನು ನಿಂತಿತು. “ಏನಂದೆ?”

“ಷಾರ್ಲೀನ್‌ಗೆ ಹಾಕ್ದೆ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಅದು ಗುಟ್ಟಿನ ಮತದಾನ ಹೇಗಾಗುತ್ತೆ?” ವೆರ್ನಾ ಹಲ್ಲಿನಿಂದ ದಾರ ಕಡಿದಳು. “ಓದೋಕೆ ಹಾಲೆಂಡಿಗೆ ಹೊರಟ ಮಕ್ಕಳಿಗೆ ಪ್ರತಿ ವರ್ಷ ಬಂದರಿನ ಜೆಟ್ಟಿ ಮೇಲೆ ನಿಂತು ಭಾಷಣ ಬಿಗೀತೀರಿ. ‘ಓದಿ ವಾಪಸ್ ಬನ್ನಿ, ಈ ದ್ವೀಪ ನೀವೇ ನಡೆಸಬೇಕು’ ಅಂತ. ಬಂದವರು ಎಷ್ಟು ಜನ? ಇವಳೊಬ್ಬಳು. ಇವಳನ್ನೂ ಸೋಲಿಸಿ, ಮುಂದಿನ ವರ್ಷ ಯಾವ ಮುಖ ಇಟ್ಕೊಂಡು ಅದೇ ಭಾಷಣ ಮಾಡ್ತಿದ್ರಿ?”

ಉಲ್ರಿಕ್ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ಅರ್ಜಿಯನ್ನು ಎರಡು ತುಂಡು ಮಾಡಿದ.

ಅಷ್ಟರಲ್ಲಿ ಗೆದ್ದವರ ಮೆರವಣಿಗೆ ಬೆಟ್ಟ ಹತ್ತಿ ಬಂತು. ಸೋತವನ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಮನಸಾರೆ ಹಾರ್ನ್ ಹೊಡೆಯುವುದು ದ್ವೀಪದ ಹಳೇ ಪದ್ಧತಿ. ಆದರೆ ಅವನ ಮನೆ ಹತ್ತಿರವಾಗುತ್ತಿದ್ದಂತೆ ಸದ್ದೆಲ್ಲ ಅಡಗಿತು. ಮುಂದಿನ ಜೀಪನ್ನು ಓಡಿಸುತ್ತಿದ್ದ ಷಾರ್ಲೀನ್ ಅತ್ತ ನೋಡಲೇ ಇಲ್ಲ.

ಉಲ್ರಿಕ್ ಹೋಗಿ ರಸ್ತೆಗೆ ಅಡ್ಡ ನಿಂತ.

“ಏನಮ್ಮ, ಸದ್ದಿಲ್ಲದೆ ಹೋಗ್ತಿದ್ದೀಯ? ನಾನೇನು ಸತ್ತಿದ್ದೀನಾ?”

“ನಾನೇ ಬೇಡ ಅಂದೆ ಮಾವ. ನಿಮ್ಮ ಮನೆ ಮುಂದೆ ಹೇಗೆ…”

“ನಿಮ್ಮಪ್ಪ ಸೋತಾಗ ಅವನ ಮನೆ ಮುಂದೆ ನಾನು ಕಾಲು ಗಂಟೆ ಹಾರ್ನ್ ಹೊಡೆದಿದ್ದೆ. ಹೊರಗೆ ಬಂದು, ಮನೇಲಿ ಮಾಡಿದ ಮಸಾಲೆ ರಮ್ ಕೊಟ್ಟಿದ್ದ ಪುಣ್ಯಾತ್ಮ.”

ಷಾರ್ಲೀನ್ ನಕ್ಕಳು, ಆದರೆ ಹಾರ್ನ್ ಮೇಲೆ ಕೈ ಇಡಲಿಲ್ಲ. ಉಲ್ರಿಕ್ ಜೀಪಿನ ಕಿಟಕಿಯೊಳಗೆ ತೋಳು ತೂರಿಸಿ, ತಾನೇ ಹಾರ್ನ್ ಒತ್ತಿ ಹಿಡಿದ.