ಮೂರು ದಿನದ ಬೀಗ

ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿದ ಜಯದೇವಪ್ಪನವರಿಗೆ ಬಾಟಲಿ ಸಿಕ್ಕೇಬಿಟ್ಟಿತು. ಕ್ವಾರ್ಟರ್ ಬಾಟಲಿ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿತ್ತು. ಅರ್ಧ ಖಾಲಿ.

ಸುಮ್ಮಸುಮ್ಮನೆ ಹುಡುಕಿದ್ದಲ್ಲ. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಪಕ್ಕದ ಅಂಗಡಿಯ ರೇವಣಸಿದ್ದಪ್ಪ ಬೆಳಿಗ್ಗೆಯೇ ಕಿವಿಯಲ್ಲಿ ಊದಿದ್ದ: "ನಿಮ್ಮ ಮಗ ಶರತ್ಚಂದ್ರ ವೈನ್ ಶಾಪಿಂದ ಬರ್ತಿದ್ದ. ಒಂದ್ಸಲ ಅಲ್ಲ ಕಣ್ರೀ, ಮೂರು ಸಲ ನೋಡಿದೀನಿ." ಹೇಳುವಾಗ ಆ ಮುಖದಲ್ಲಿ ಎಂಥಾ ಕಳೆ!

ಲಿಂಗ ಕಟ್ಟಿದ ಮನೆ. ಸಾಲದ್ದಕ್ಕೆ ಬರುವ ಗುರುವಾರ ಬೇಲೂರಿನಿಂದ, ಮಗನಿಗೆ ನೋಡಿದ್ದ ಹುಡುಗಿ ಮೇಘಶ್ರೀಯ ಕಡೆಯವರು ಮದುವೆ ಮಾತಿಗೆ ಬರುವವರಿದ್ದರು. ಜಯದೇವಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ಮಗನನ್ನು ಎಳೆದು ತಂದು ದೇವರ ಮನೆಯ ಮುಂದೆ ನಿಲ್ಲಿಸಿದರು. ಹೆಂಡತಿ ಕಮಲಾಕ್ಷಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. ಪಾಪ, ಆಗಲೇ ಬೆವರುತ್ತಿದ್ದರು.

"ಇದನ್ನ ತಂದಿದ್ದು ಯಾರೋ?"

ಶರತ್ಚಂದ್ರ ಅಮ್ಮನ ಮುಖ ನೋಡಿದ. "ನಾನೇ ಅಪ್ಪ. ತಂದಿದ್ದು ನಾನೇ."

ಅವನ ಅಂಗಿ ಜೇಬು ತಡಕಿದರೆ ಮಡಚಿದ ಚೀಟಿಯೊಂದು ಸಿಕ್ಕಿತು. ಮನೋರೋಗದ ಡಾಕ್ಟರದ್ದು! ಕನ್ನಡಕ ಹುಡುಕುವ ತಾಳ್ಮೆ ಯಾರಿಗಿದೆ? ಮಡಿಕೆಯ ಕೆಳಗೆ, ಮನೆಯವರಿಗೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದಷ್ಟನ್ನು ಜಯದೇವಪ್ಪ ಓದಿದರು. ಕುಡಿತ, ಖಿನ್ನತೆ ಎರಡೂ ಇವೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಕುಡಿತವನ್ನು ಏಕಾಏಕಿ ನಿಲ್ಲಿಸಬೇಡಿ, ಜೀವಕ್ಕೆ ಅಪಾಯ. ಕೂಡಲೇ ಆಸ್ಪತ್ರೆಗೆ ಸೇರಿಸಿ.

"ನಿಲ್ಲಿಸಬೇಡಿ ಅಂತಾನಲ್ಲಯ್ಯ! ಇವನೇನು ಡಾಕ್ಟರೋ, ವೈನ್ ಶಾಪಿನ ಏಜೆಂಟೋ?"

"ಆಸ್ಪತ್ರೇಲಿ ಇಟ್ಕೊಂಡು ಅವರೇ ನಿಲ್ಲಿಸ್ತಾರಪ್ಪ. ಹತ್ತು ದಿನ ಸಾಕು. ಸಿರಿ ಹೋದಾಗಿಂದ ನಿದ್ದೆ ಇಲ್ಲ, ಅದಕ್ಕೇ ಶುರುವಾಗಿದ್ದು. ಬರೀ ಬಾಟಲಿ ಕಿತ್ಕೊಂಡ್ರೆ ಆಗಲ್ಲ, ಮನಸ್ಸಿಗೂ ಔಷಧಿ ಬೇಕು. ನಿಮ್ಮ ಕಾಲಿಗೆ ಬೀಳ್ತೀನಿ."

ಸಿರಿ ಅವನ ತಂಗಿ. ಎರಡು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ಹೋದಳು. ಅವತ್ತಿನಿಂದ ಶರತ್ಚಂದ್ರ ಮಾತು ಕಡಿಮೆ ಮಾಡಿದ್ದ. ಕಮಲಾಕ್ಷಮ್ಮ ಪೂಜೆ ಜಾಸ್ತಿ ಮಾಡಿದ್ದರು, ದೇವರ ಮನೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ. ದುಃಖ ಪಡುವುದಾದರೆ ಹಾಗೆ ಪಡಬೇಕು ಎಂದು ಜಯದೇವಪ್ಪ ಮಗನಿಗೆ ಎಷ್ಟೋ ಸಲ ಹೇಳಿದ್ದರು.

ಹೋದ ಶನಿವಾರ ತಾಯಿ ಮಗ ಇಬ್ಬರೂ ಮಾಲೇಕಲ್ಲು ಬೆಟ್ಟದ ದೇವರಿಗೆ ಅಂತ ಹೋಗಿ, ಪ್ರಸಾದವಿಲ್ಲದೆ ವಾಪಸು ಬಂದಿದ್ದರು. ಈಗ ಜಯದೇವಪ್ಪನವರಿಗೆ ಎಲ್ಲ ಹೊಳೆಯಿತು. ಅಮ್ಮನನ್ನು ಬೆಟ್ಟದ ಬುಡದಲ್ಲಿ ಕೂರಿಸಿ ಈ ಮಹಾರಾಯ ಡಾಕ್ಟರ ಹತ್ತಿರ ಹೋಗಿದ್ದಾನೆ!

"ಸಿರಿ ನನಗೂ ಮಗಳೇ ಕಣೋ. ನಾನು ಕುಡಿದ್ನಾ? ನಿಮ್ಮಮ್ಮ ಕುಡಿದ್ಳಾ?"

ಶರತ್ಚಂದ್ರ ತಲೆ ತಗ್ಗಿಸಿದ.

"ಹುಚ್ಚಾಸ್ಪತ್ರೆ ಅಂತ ಗೊತ್ತಾದ್ರೆ ಬೇಲೂರಿನೋರು ಹೆಣ್ಣು ಕೊಟ್ಟಾರೇನೋ?" ಜಯದೇವಪ್ಪ ಚೀಟಿಯನ್ನು ಮಡಿಕೆಯ ಗುಂಟ ಪರ್ರನೆ ಹರಿದರು. ಮಠದ ಸ್ವಾಮಿಗಳಿಗೆ ತೋರಿಸಿ ಮಗನಿಗೆ ಬೈಸಬೇಕು ಎಂದು ಎರಡು ತುಂಡನ್ನೂ ಜೇಬಿಗೆ ಹಾಕಿಕೊಂಡರು. "ಲಿಂಗ ಮುಟ್ಟಿ ಹೇಳು. ಇನ್ನೊಂದು ತೊಟ್ಟು ಈ ಮನೆಯೊಳಗೆ ತರಲ್ಲ ಅಂತ."

ಲಿಂಗ ಮುಟ್ಟಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಮುರಿದವರಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯ ಹತ್ತಿರ ಹೋದ ಶರತ್ಚಂದ್ರನ ಕೈ ಅಲ್ಲೇ ನಿಂತಿತು.

"ಅಮ್ಮ, ನೀನಾದ್ರೂ ಹೇಳಮ್ಮ."

"ನಿಮ್ಮಪ್ಪ ಹೇಳ್ದಂಗೆ ಕೇಳು ಮಗ," ಅಂದರು ಕಮಲಾಕ್ಷಮ್ಮ. "ಆಗಿದ್ದಾಗ್ಲಿ."

ಅವನು ಆಣೆ ಇಟ್ಟ. ಜಯದೇವಪ್ಪ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಬಾಟಲಿಯನ್ನು ಬಚ್ಚಲಿಗೆ ಸುರಿದರು. ಮಗನ ಫೋನ್ ಕಿತ್ತುಕೊಂಡು, ಅವನನ್ನು ಮಹಡಿಯ ಕೋಣೆಗೆ ನೂಕಿ ಹೊರಗಿನಿಂದ ಬೀಗ ಜಡಿದರು. ಮೂರು ದಿನ ಒಳಗಿರಲಿ, ಚಟ ತಾನಾಗಿ ಇಳಿಯುತ್ತೆ. ಹೆತ್ತ ಕರುಳು ಮರುಗಿ ಬೀಗ ತೆಗೆದೀತು ಎಂದು ಊಟವನ್ನೂ ತಾವೇ ಕೊಂಡೊಯ್ದರು.

ಮೊದಲ ದಿನ ಮಗ ಎರಡು ಮುದ್ದೆ ಉಂಡ. ಎರಡನೇ ದಿನ ತಾನೇ ಗಡ್ಡ ಹೆರೆದುಕೊಂಡ, ಒಂದು ಗೀರೂ ಆಗಲಿಲ್ಲ.

"ಕೈ ನೋಡ್ದೆ ಕಣ್ರೀ, ಒಂಚೂರು ನಡುಕ ಇಲ್ಲ!" ಎಂದು ಜಯದೇವಪ್ಪ ಮಂಡಿಯಲ್ಲಿ ರೇವಣಸಿದ್ದಪ್ಪನ ಮುಂದೆ ಮೀಸೆ ತಿರುವಿದರು. "ಜೀವಕ್ಕೆ ಅಪಾಯವಂತೆ, ಅಪಾಯ!"

ಮೂರನೇ ದಿನ ಬೆಳಿಗ್ಗೆ ತಟ್ಟೆ ಇಡುತ್ತಾ ಗದರಿದರು: "ಎಲ್ಲ ನಿನ್ನಿಂದ. ನಿನ್ನ ಚಿಂತೇಲಿ ನಿಮ್ಮಮ್ಮನಿಗೆ ಒಂದಗುಳು ಇಳಿದಿಲ್ಲ. ಕಾಫಿ ಲೋಟ ಕೈಯಲ್ಲಿ ನಿಲ್ತಿಲ್ಲ."

ಶರತ್ಚಂದ್ರ ತಟ್ಟೆ ಒದ್ದು ಎದ್ದ. "ಆಸ್ಪತ್ರೆಗೆ ಹೋಗ್ಬೇಕು! ಈಗ್ಲೇ! ಬಿಡಿ ಅಪ್ಪ, ಬಿಡಿ!"

ನೋಡಿದಿರಾ, ಚಟ ಈಗ ಹೊರಗೆ ಬಂತು. ಜಯದೇವಪ್ಪ ಅವನನ್ನು ಒಳಗೆ ತಳ್ಳಿ ಬೀಗ ಹಾಕಿದರು. ಬಾಗಿಲ ಹಿಂದಿನಿಂದ ಅವನು ಏನೋ ಕೂಗಿ ಹೇಳುತ್ತಿದ್ದ. ಕೇಳುವ ವ್ಯವಧಾನ ಇವರಿಗೆಲ್ಲಿ? ಆಗಲೇ ಮೆಟ್ಟಿಲಿಳಿದು ಮಂಡಿಯ ದಾರಿ ಹಿಡಿದಾಗಿತ್ತು.

ಹನ್ನೊಂದಕ್ಕೆ ಪಕ್ಕದ ಮನೆಯ ಕಾಂತಮ್ಮನ ಫೋನ್. "ಅಣ್ಣ, ಬೇಗ ಆಸ್ಪತ್ರೆಗೆ ಬನ್ನಿ! ಮಹಡಿ ಬಾಗಿಲು ಬಡಿಯೋದು ಕೇಳಿ ಓಡಿಬಂದು ಬೀಗ ಒಡೆದ್ವಿ. ಫಿಟ್ಸು, ಬಾಯಲ್ಲೆಲ್ಲ ನೊರೆ..."

ಜಯದೇವಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ಆಸ್ಪತ್ರೆಯ ಒಳಬಾಗಿಲಲ್ಲಿ ಡಾಕ್ಟರು ಎದುರಾದರು. "ಕುಡಿತ ನಿಲ್ಲಿಸಿ ಎಷ್ಟು ದಿನ ಆಗಿತ್ತು?"

"ಮೂರು ದಿನ ಸ್ವಾಮಿ. ನಾನೇ ನಿಲ್ಲಿಸ್ದೆ."

ಡಾಕ್ಟರು ಪಕ್ಕದ ಬೆಂಚು ತೋರಿಸಿದರು. "ಉಳಿಸ್ಕೊಳ್ಳೋಕೆ ಆಗಲಿಲ್ಲ ಯಜಮಾನ್ರೇ. ಮೊದಲು ತೋರಿಸಿದ ಚೀಟಿ ಏನಾದ್ರೂ ಇದ್ರೆ ಕೊಡಿ."

"ಅಯ್ಯೋ ನನ್ನ ಕಂದಾ! ನಾನೇ ಕೊಂದ್ನಲ್ಲೋ!" ಜಯದೇವಪ್ಪ ಬೆಂಚಿನ ಮೇಲೆ ಕುಸಿದರು. ಅಳುತ್ತಲೇ ಜೇಬಿನಿಂದ ಎರಡು ತುಂಡು ತೆಗೆದು, ಕನ್ನಡಕ ಏರಿಸಿ, ಮೊಣಕಾಲ ಮೇಲೆ ಜೋಡಿಸಿದರು.

ಮೇಲಿನ ತುಂಡಿನಲ್ಲಿ ರೋಗಿಯ ಹೆಸರಿತ್ತು: ಕಮಲಾಕ್ಷಮ್ಮ, ಐವತ್ತೆರಡು ವರ್ಷ.