ಇನ್ನೊಬ್ಬಳ ಪಾದ

ಬೇಕೆಂದೇ ಎದುರಾಳಿಗೆ ಗಾಯ ಮಾಡಿದರೆ, ಅದು ವಾಸಿಯಾಗುವವರೆಗಿನ ನೋವೆಲ್ಲ ಮಾಡಿದವರ ಮೈಗೇ ಬರುವಂತೆ ಕಬಡ್ಡಿ ಲೀಗಿನವರು ಏರ್ಪಾಡು ಮಾಡಿ ಹತ್ತು ವರ್ಷವಾಗಿತ್ತು. ಆದರೂ ತನ್ನ ಕೋಚ್ ಹೇಳಿದರೆಂದು ದಾಕ್ಷಾಯಣಿ ಸೋಮವಾರದ ಲೀಗ್ ಪಂದ್ಯದಲ್ಲಿ ಎದುರು ತಂಡದ ರೈಡರ್ ನಸೀಮಾಳ ಪಾದ ತಿರುಚಿದ್ದಳು. ಮೂಳೆ ಮುರಿದದ್ದು ನಸೀಮಾಳದು, ಮೂರು ದಿನದಿಂದ ಕುಂಟುತ್ತಿದ್ದವಳು ದಾಕ್ಷಾಯಣಿ.

ಗುರುವಾರ ಫೈನಲ್‌ಗೆ ಮುಂಚೆ ನಸೀಮಾ ಪಾದಕ್ಕೆ ಪಟ್ಟಿ ಬಿಗಿದು ಅಂಗಳದ ಬದಿಯಲ್ಲಿ ಜಿಗಿಯುತ್ತಿದ್ದಳು. ಒಂದೊಂದು ಜಿಗಿತಕ್ಕೂ ದಾಕ್ಷಾಯಣಿಗೆ ಜೀವ ಹೋದಂತಾಗುತ್ತಿತ್ತು. ಗೋಡೆ ಹಿಡಿದು ಹತ್ತಿರ ಬಂದಳು.

“ಮೂಳಿ ಮುರದೈತಿ, ಆಡ್ತೀಯೇನ?”

“ನನಗೇನೂ ನೋವಿಲ್ಲಲ್ಲ. ಆಡು ಅಂದಾರ ನಮ್ಮ ಕೋಚ್.”

“ಬ್ಯಾಡ ನಸೀಮಾ. ಕಾಲು ಪೂರಾ ಹೋಗತೈತಿ.”

“ಯಾರ ಸಲುವಾಗಿ ಹೇಳಾಕತ್ತೀ? ನಿನಗ ನೋಯ್ತೈತಿ ಅಂತ, ಹೌದಿಲ್ಲೋ?”

ಅಲ್ಲ ಎನ್ನಲು ಬಾಯಿ ತೆರೆದ ದಾಕ್ಷಾಯಣಿಗೆ ಅದು ನಿಜವೋ ಸುಳ್ಳೋ ತನಗೇ ತಿಳಿಯಲಿಲ್ಲ.

“ಗೊತ್ತಾಗವಲ್ದು,” ಎಂದಳು. “ಖರೇನ ಗೊತ್ತಾಗವಲ್ದು.”

ನಸೀಮಾ ಅವಳ ಬೆವೆತ ಮುಖವನ್ನೇ ನೋಡಿದಳು. “ಇಷ್ಟು ನೋವೈತೇನ ಇದು?” ಎನ್ನುತ್ತ ನೆಲಕ್ಕೆ ಕುಳಿತು, ಬೇರೆ ಯಾರದೋ ಎಂಬಂತೆ ತನ್ನ ಪಾದವನ್ನು ಮೆಲ್ಲಗೆ ಮುಟ್ಟಿದಳು. ಒಳಗಿನಿಂದ ಅವಳ ಕೋಚ್ ಎರಡು ಸಲ ಹೆಸರು ಹಿಡಿದು ಕೂಗಿದರು. ಅವಳು ಏಳಲಿಲ್ಲ.